ಯಂತ್ರ ಬದಲಾದಾಗ

ನನ್ನ ಕೈಗಡಿಯಾರಕ್ಕೆ ದಿನವೂ ಕೀಲಿ ಕೊಡಬೇಕು. ತುಮಕೂರಿನ ಎಚ್.ಎಂ.ಟಿ. ಗಡಿಯಾರ ಕಾರ್ಖಾನೆ 1978ರಲ್ಲಿ ಆರಂಭವಾಯಿತು. ಮುಂದೆ ಕ್ವಾರ್ಟ್ಸ್ ಬಂದಿತು. ಕೀಲಿಯ ಗಡಿಯಾರ ಹಿಂದೆ ಬಿದ್ದಿತು. 2016ರಲ್ಲಿ ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿತು. ಕೂದಲೆಳೆಯಂಥ ಸುರುಳಿಯನ್ನು ಕೂರಿಸುತ್ತಿದ್ದ ಬೆರಳುಗಳ ವಿದ್ಯೆ ಮನೆ ಸೇರಿತು.

ಗುಬ್ಬಿ ವೀರಣ್ಣನವರೂ ಹೊಸ ಯಂತ್ರವನ್ನು ಎದುರುಗೊಂಡವರೇ. 1954ರಲ್ಲಿ ಅವರ ಸಂಸ್ಥೆ ‘ಬೇಡರ ಕಣ್ಣಪ್ಪ’ ಚಿತ್ರ ತಯಾರಿಸಿದಾಗ, ಅವರ ನಾಟಕ ಕಂಪೆನಿಯಲ್ಲಿ ಪಳಗಿದ್ದ ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಅದರಲ್ಲಿ ಅಭಿನಯಿಸಿದರು. ಯಂತ್ರ ಹೊಸದು, ವಿದ್ಯೆ ರಂಗದ್ದೇ.

ಅದೇ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಎಚ್.ಎ.ಎಲ್. ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಗೊಂಡಿತು. ಹೊಸ ಯಂತ್ರ ತರುವವರೆಲ್ಲರಲ್ಲಿ ನನ್ನದೊಂದೇ ಅರಿಕೆ: ಅದರ ಬೆಲೆಯೊಡನೆ, ಹಳೆಯ ಕೆಲಸಗಾರನಿಗೆ ಅದನ್ನು ಕಲಿಸುವ ಖರ್ಚನ್ನೂ ಲೆಕ್ಕ ಹಾಕಿರಿ.