ಬೆಂಗಳೂರಿಗೆ ಹೋಗಿ ಬರುವ ಖರ್ಚು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯ ಮೊದಲನೆಯ ತಂಡದವನು. 1975ರಲ್ಲಿ ಎಂಟನೆಯ ತರಗತಿಗೆ ಸೇರಿದಾಗ ಶಾಲೆಗೆ ಕಟ್ಟಡ ಇರಲಿಲ್ಲ, ದೇವಸ್ಥಾನದ ಪಡಸಾಲೆಯಲ್ಲಿ ಪಾಠ. 1978ರಲ್ಲಿ ಎಸ್ಸೆಸ್ಸೆಲ್ಸಿ. ಆಮೇಲೆ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಲೇತ್ ಮಿಷನ್ ಮುಂದೆ ನಿಂತು ನಿವೃತ್ತನಾದೆ. ಇಷ್ಟೇ ನನ್ನ ಸಾಧನೆ. ಸಮಿತಿಯವರು 'ನಿಮ್ಮ ಸಾಧನೆಯ ಬಗ್ಗೆ ಮಾತಾಡಿ' ಎಂದು ಪತ್ರ ಬರೆದಿದ್ದಾರೆ. ಅದು ಎರಡು ನಿಮಿಷದಲ್ಲಿ ಮುಗಿದುಹೋಯಿತು. ಉಳಿದ ಹೊತ್ತಿನಲ್ಲಿ ಬೇರೆ ವಿಷಯ ಹೇಳುತ್ತೇನೆ: ಕೈಯಲ್ಲಿ ದುಡ್ಡು ಕಡಿಮೆ ಇರುವವನು ಬೆಂಗಳೂರಿಗೆ ಹೋಗಿ ಬರುವುದು ಹೇಗೆ.

ನಗಬೇಡಿ. ಈ ಸುತ್ತಿನ ಯಾವ ಹಳ್ಳಿಯನ್ನೇ ತೆಗೆದುಕೊಳ್ಳಿ, ಯಾರಾದರೊಬ್ಬರು ಬೆಂಗಳೂರಿಗೆ ಹೊರಟೇ ಇರುತ್ತಾರೆ. ಜಾಲಿಗೆ ಹೋಗುವವರು ಕಮ್ಮಿ. ಆಸ್ಪತ್ರೆಗೆ, ಪರೀಕ್ಷೆಗೆ, ಸಂದರ್ಶನಕ್ಕೆ, ಯಾವುದೋ ಕಚೇರಿಯಲ್ಲಿ ಸಿಕ್ಕಿಹಾಕಿಕೊಂಡ ಫೈಲಿಗೆ. ಹೊರಡುವ ಮುಂಚೆ ಮನೆಯಲ್ಲಿ ಒಂದೇ ಮಾತು: ಎಷ್ಟು ಬೇಕಾಗುತ್ತೋ ಏನೋ. ಆ 'ಏನೋ' ಅನ್ನುವುದಕ್ಕೆ ಹೆದರಿ ಕೊಬ್ಬರಿ ರೇಟು ಬರುವ ಮುಂಚೆಯೇ ಮಾರಿದವರನ್ನು ನಾನು ನೋಡಿದ್ದೇನೆ. ಹೊರಡದೇ ಉಳಿದವರನ್ನೂ ನೋಡಿದ್ದೇನೆ.

1979ರಲ್ಲಿ ನನಗೂ ನನ್ನ ಒಬ್ಬ ಗೆಳೆಯನಿಗೂ ಒಂದೇ ದಿನ ಅಂಚೆಯಲ್ಲಿ ಕಾರ್ಡು ಬಂತು. ಅಪ್ರೆಂಟಿಸ್ ತರಬೇತಿಗೆ ಬೆಂಗಳೂರಿನಲ್ಲಿ ಸಂದರ್ಶನ. ಅವನು ಲೆಕ್ಕದಲ್ಲಿ ನನಗಿಂತ ಮುಂದು, ನನಗಿಂತ 20 ಅಂಕ ಜಾಸ್ತಿ ತೆಗೆದಿದ್ದ. ನಮ್ಮೂರಿನ ಟೀ ಅಂಗಡಿಯಲ್ಲಿ ಬೆಂಗಳೂರು ಕಂಡುಬಂದಿದ್ದವರು ಒಬ್ಬರು ಹೇಳಿದರು: 'ನೂರು ರೂಪಾಯಿ ಇಲ್ಲದೆ ಅಲ್ಲಿ ಕಾಲಿಡೋಕಾಗಲ್ಲ, ನೀರಿಗೂ ಕಾಸು.' ಗೆಳೆಯನ ಅಪ್ಪ ಆ ನೂರು ರೂಪಾಯಿಗೆ ನಾಲ್ಕು ಮನೆ ತಿರುಗಿದರು. ಹುಟ್ಟಲಿಲ್ಲ. ನಮ್ಮಪ್ಪ ಕಾಯಿ ಮಾರಿ 40 ರೂಪಾಯಿ ಕೊಟ್ಟು, ಉಳಿದದ್ದು ದೇವರಿಚ್ಛೆ ಅಂದರು. ನಾನು ಹೊರಟೆ. ಅವನು ಅರಸೀಕೆರೆ ಸ್ಟೇಷನ್ನಿನವರೆಗೆ ಬಂದು ನನ್ನನ್ನು ರೈಲು ಹತ್ತಿಸಿ ವಾಪಸು ಹೋದ.

ಆಗ ಮೀಟರ್ ಗೇಜ್. ರಾತ್ರಿ ಗಾಡಿ. ಕಿಟಕಿಯ ಪಕ್ಕ ಕೂತು ಬೆಳಗಾಗುವ ಹೊತ್ತಿಗೆ ಕಣ್ಣಲ್ಲೆಲ್ಲ ಕಲ್ಲಿದ್ದಲ ಪುಡಿ. ಅಮ್ಮ ಕಟ್ಟಿದ ರೊಟ್ಟಿ, ಚಟ್ನಿಪುಡಿ, ಒಂದಿಷ್ಟು ಅವಲಕ್ಕಿ ಇತ್ತು. ಸಿಟಿ ಸ್ಟೇಷನ್ನಿನಿಂದ ಹೊರಗೆ ಕಾಲಿಟ್ಟ ತಕ್ಷಣ ಒಬ್ಬ 'ರೂಮ್ ಬೇಕಾ' ಎಂದು ಕೈಯಲ್ಲಿದ್ದ ಚೀಲವನ್ನೇ ಹಿಡಿದುಕೊಂಡ. ಅವನ ಹಿಂದೆ ಹೋದೆ. ಕಿಟಕಿಯಿಲ್ಲದ ಕೋಣೆ, ದಿನಕ್ಕೆ 12 ರೂಪಾಯಿ. ಎರಡು ದಿನಕ್ಕೆ 24. ಸಂದರ್ಶನ ಮುಗಿಸಿ, ಮೂರನೆಯ ದಿನ ರೈಲಿಗೆ ಕಾಯುತ್ತಾ ಸ್ಟೇಷನ್ನಿನ ಎದುರು ಸುಮ್ಮನೆ ಅಡ್ಡಾಡುವಾಗ ಒಂದು ದೊಡ್ಡ ಹಳೆಯ ಕಟ್ಟಡ ಕಂಡಿತು. ಗುಬ್ಬಿ ತೋಟದಪ್ಪನವರ ಛತ್ರ. ಬಾಗಿಲಲ್ಲಿ ಕೂತಿದ್ದವರನ್ನು ಕೇಳಿದೆ. ಪರಸ್ಥಳದಿಂದ ಬಂದವರು ತಂಗುವುದಕ್ಕೇ ಕಟ್ಟಿಸಿದ್ದಪ್ಪಾ ಇದು, ಮೊದಲೇ ಬರಬಾರದಿತ್ತೇ ಅಂದರು.

ಗುಬ್ಬಿ ನಮ್ಮದೇ ರೈಲು ದಾರಿಯ ಊರು. ತಿಪಟೂರು ದಾಟಿ ತುಮಕೂರು ಬರುವ ಮುಂಚೆ ಸಿಗುತ್ತದೆ. ಆ ಊರಿನ ವ್ಯಾಪಾರಿ ತೋಟದಪ್ಪನವರು, ಬೆಂಗಳೂರಿಗೆ ಬಂದವರು ರಾತ್ರಿ ಎಲ್ಲಿ ಮಲಗಬೇಕು ಅನ್ನುವುದನ್ನು ನನ್ನ ತಾತನ ಕಾಲಕ್ಕೇ ಯೋಚಿಸಿ, ರೈಲಿಳಿದವನ ಕಣ್ಣಿಗೆ ಬೀಳುವ ಜಾಗದಲ್ಲೇ ಛತ್ರ ಕಟ್ಟಿಸಿದ್ದರು. ವಿದ್ಯಾರ್ಥಿನಿಲಯಗಳನ್ನೂ ಮಾಡಿದರು. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು 'ಧರ್ಮಪ್ರವರ್ತ' ಎಂಬ ಬಿರುದು ಕೊಟ್ಟರು. 1910ರಲ್ಲಿ ತೀರಿಕೊಂಡರು. ಅಂದರೆ ನಾನು ಆ ಕಟ್ಟಡದ ಮುಂದೆ ನಿಂತಿದ್ದು ಅವರು ಹೋಗಿ 69 ವರ್ಷದ ಮೇಲೆ. ನನಗೆ ಆಗ ಬಂದ ಯೋಚನೆ ಒಂದೇ. ನಾನು ಆ ಕತ್ತಲೆ ಕೋಣೆಗೆ ಸುರಿದ 24 ರೂಪಾಯಿ ಕೈಯಲ್ಲಿದ್ದಿದ್ದರೆ ಅವನೂ ಬಂದು ಹೋಗಬಹುದಿತ್ತು. ನಮ್ಮಪ್ಪ ಕೊಟ್ಟ 40 ರೂಪಾಯಿ ಇಬ್ಬರಿಗೂ ಸಾಕಾಗುತ್ತಿತ್ತು.

ನನಗೆ ಕೆಲಸ ಸಿಕ್ಕಿತು. ಊರಿಗೆ ಬಂದವನು ಈ ಛತ್ರದ ವಿಷಯ ಅವನಿಗೆ ಹೇಳಲಿಲ್ಲ. ಹೇಳಲು ಬಾಯಿ ಬರಲಿಲ್ಲ. ಹೇಳಿದ್ದು ಎಷ್ಟೋ ವರ್ಷ ಕಳೆದ ಮೇಲೆ. ಅವನು ಇವತ್ತು ಇದೇ ಸಭೆಯಲ್ಲಿದ್ದಾನೆ. ಹೆಸರು ಹೇಳಬೇಡ, ಕಥೆ ಬೇಕಾದರೆ ಹೇಳು ಎಂದು ಒಪ್ಪಿಗೆ ಕೊಟ್ಟಿದ್ದಾನೆ.

ಈಗ ಕೆಲಸದ ಮಾತಿಗೆ ಬರೋಣ. ಮಕ್ಕಳು ಬೇಕಾದರೆ ಬರೆದುಕೊಳ್ಳಿ.

ಮೊದಲನೆಯದು ದಾರಿ. ಅರಸೀಕೆರೆ ಜಂಕ್ಷನ್ ಪಕ್ಕದಲ್ಲಿರುವುದು ನಮ್ಮ ಪುಣ್ಯ. ಹುಬ್ಬಳ್ಳಿ ಕಡೆಯಿಂದಲೂ ಶಿವಮೊಗ್ಗದ ಕಡೆಯಿಂದಲೂ ಬರುವ ಗಾಡಿಗಳು ಇಲ್ಲಿ ಹಾದುಹೋಗುತ್ತವೆ. ಬೆಂಗಳೂರಿಗೆ ಸುಮಾರು 165 ಕಿಲೋಮೀಟರ್. ಕಾಯ್ದಿರಿಸದ ಎರಡನೇ ದರ್ಜೆಯ ಟಿಕೆಟ್ಟಿಗಿಂತ ಕಡಿಮೆಗೆ ಗಂಡಸರು ಬೆಂಗಳೂರು ಸೇರುವ ದಾರಿ ನನಗೆ ಗೊತ್ತಿಲ್ಲ. ಹೆಂಗಸರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರದ ಸಾಮಾನ್ಯ ಬಸ್ಸು ಉಚಿತ. ರಾಜ್ಯದ ವಿಳಾಸವಿರುವ ಗುರುತಿನ ಚೀಟಿ ಮಾತ್ರ ಕೈಯಲ್ಲಿರಬೇಕು. ಬೆಂಗಳೂರಿನೊಳಗೆ ಓಡಾಡುವ ಸಾಮಾನ್ಯ ಬಸ್ಸಿಗೂ ಇದೇ ನಿಯಮ. ನಮ್ಮೂರಿನ ಒಂದು ಜೋಡಿ, ಗಂಡ ರೈಲಿನಲ್ಲಿ ಹೆಂಡತಿ ಬಸ್ಸಿನಲ್ಲಿ ಹೋಗಿ, ಮೆಜೆಸ್ಟಿಕ್ಕಿನಲ್ಲಿ ಒಬ್ಬರನ್ನೊಬ್ಬರು ಎರಡು ಗಂಟೆ ಹುಡುಕಿದರು. ಉಳಿಸಿದ ದುಡ್ಡೆಲ್ಲ ಫೋನಿಗೆ ಕರೆನ್ಸಿ ಹಾಕಿಸಲು ಹೋಯಿತಂತೆ. ಅಷ್ಟು ಲೆಕ್ಕಾಚಾರ ಬೇಡ. ರೈಲಿನಲ್ಲಿ ಹಿರಿಯರಿಗೆ ಇದ್ದ ರಿಯಾಯಿತಿ 2020ರ ಮಾರ್ಚ್‌ನಿಂದ ನಿಂತಿದೆ. ನನ್ನಂಥವರು ಅದನ್ನು ನಂಬಿಕೊಂಡು ಹೋಗಬೇಡಿ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರಿಯಾಯಿತಿ ಈಗಲೂ ಇದೆ. ಅದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯ ಪತ್ರ ತರಬೇಕು. ಇದನ್ನು ಕೇಳಿ ಪಡೆಯದೆ ವರ್ಷಗಟ್ಟಲೆ ಪೂರ್ತಿ ಟಿಕೆಟ್ಟು ಕೊಟ್ಟು ಓಡಾಡಿದ ಒಂದು ಮನೆಯವರು ನನಗೆ ಗೊತ್ತು.

ಎಲ್ಲಿ ಇಳಿಯಬೇಕು ಅನ್ನುವುದೂ ದುಡ್ಡಿನ ಪ್ರಶ್ನೆಯೇ. ಎಲ್ಲರೂ ಕೊನೆಯ ಸ್ಟೇಷನ್ನಿಗೇ ಹೋಗಿ ಅಲ್ಲಿಂದ ಹಿಂದಕ್ಕೆ ಬರುತ್ತಾರೆ. ಪೀಣ್ಯದ ಕಾರ್ಖಾನೆಗೋ, ಮಲ್ಲೇಶ್ವರದ 18ನೇ ಅಡ್ಡರಸ್ತೆಯ ಪರೀಕ್ಷಾ ಪ್ರಾಧಿಕಾರಕ್ಕೋ ಹೋಗುವವರ ಗಾಡಿ ಯಶವಂತಪುರದಲ್ಲಿ ನಿಲ್ಲುವುದಾದರೆ ಅಲ್ಲೇ ಇಳಿಯಿರಿ. ವಿಕ್ಟೋರಿಯಾ, ವಾಣಿವಿಲಾಸ ಆಸ್ಪತ್ರೆಗೆ ಹೋಗುವವರು ಮೆಜೆಸ್ಟಿಕ್ಕಿನಿಂದ ಮಾರ್ಕೆಟ್ ಕಡೆಯ ಯಾವ ಬಸ್ಸು ಹತ್ತಿದರೂ ಆಯಿತು. ನಿಮ್ಹಾನ್ಸ್ ಮತ್ತು ಕಿದ್ವಾಯಿ ಒಂದರ ಪಕ್ಕ ಒಂದಿವೆ, ಜಯದೇವ ಅಲ್ಲಿಂದ ಮುಂದೆ ಬನ್ನೇರುಘಟ್ಟ ರಸ್ತೆಯಲ್ಲಿದೆ. ಎರಡು ಮೂರು ಕಡೆ ಓಡಾಡುವುದಿದ್ದರೆ ಬಸ್ಸಿನಲ್ಲಿ ದಿನದ ಪಾಸು ತೆಗೆದುಕೊಳ್ಳಿ. ಮೆಟ್ರೋ ಬೇಗ ಮುಟ್ಟಿಸುತ್ತದೆ, ಆದರೆ 2025ರ ಫೆಬ್ರವರಿಯಲ್ಲಿ ದರ ಏರಿದ ಮೇಲೆ ಬಡವರ ಗಾಡಿ ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಹೊತ್ತು ಮೀರಿದ್ದರೆ ಮಾತ್ರ ಹತ್ತಿ.

ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2017ರ ಆಗಸ್ಟ್‌ನಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್‌ನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ ಎಂದು ಆರಂಭಿಸಿದರು. ಹೊತ್ತಿಗೆ ಸರಿಯಾಗಿ ಹೋಗಬೇಕು, ತಡವಾದರೆ ಮುಗಿದಿರುತ್ತದೆ. ಕೆಲವರಿಗೆ ಅಲ್ಲಿ ಸಾಲಿನಲ್ಲಿ ನಿಲ್ಲಲು ಸಂಕೋಚ. ನಾನು ಪೆನ್ಷನ್ ಬಂದ ದಿನವೂ ನಿಂತಿದ್ದೇನೆ.

ಮಲಗುವುದೇ ನಿಜವಾದ ಖರ್ಚು. ಬೆಂಗಳೂರಿನಲ್ಲಿ ದುಬಾರಿಯಾದದ್ದು ರಾತ್ರಿ, ಹಗಲಲ್ಲ. ಆದ್ದರಿಂದ ಒಂದೇ ದಿನದ ಕೆಲಸವಾದರೆ ರಾತ್ರಿ ಉಳಿಯದ ಹಾಗೆ ಹೊರಡಿ. ನಸುಕಿಗೆ ಮುಟ್ಟುವ ಗಾಡಿ ಹಿಡಿದು, ಸ್ಟೇಷನ್ನಿನಲ್ಲೇ ಮುಖ ತೊಳೆದು ಬಟ್ಟೆ ಬದಲಿಸಿ, ಚೀಲವನ್ನು ಕ್ಲೋಕ್ ರೂಮಿನಲ್ಲಿಟ್ಟು ಕೆಲಸಕ್ಕೆ ಹೋಗಬಹುದು. ಬೀಗ ಹಾಕದ ಚೀಲವನ್ನು ಅಲ್ಲಿ ಇಟ್ಟುಕೊಳ್ಳುವುದಿಲ್ಲ, ರೈಲು ಟಿಕೆಟ್ಟನ್ನೂ ಕೇಳುತ್ತಾರೆ. ಒಂದು ಸಣ್ಣ ಬೀಗ ಮನೆಯಿಂದಲೇ ಒಯ್ಯಿರಿ. ಉಳಿಯಲೇಬೇಕಾದರೆ ಮೊದಲು ಛತ್ರ ಮತ್ತು ಮಠಗಳನ್ನು ವಿಚಾರಿಸಿ, ಆಮೇಲೆ ಲಾಡ್ಜು. ಕಿದ್ವಾಯಿಯ ಆವರಣದಲ್ಲಿ ರೋಗಿಗಳ ಕಡೆಯವರಿಗೆ ಧರ್ಮಶಾಲೆ ಇದೆ. ಬೇರೆ ದೊಡ್ಡ ಆಸ್ಪತ್ರೆಗಳಲ್ಲಿ ಇದೆಯೇ ಎಂದು ಚೀಟಿ ಮಾಡಿಸುವಾಗಲೇ ಬಾಯಿಬಿಟ್ಟು ಕೇಳಿ. ಚೀಲಕ್ಕೆ ಕೈ ಹಾಕಿ 'ರೂಮ್ ಬೇಕಾ' ಅನ್ನುವವರು ಇವತ್ತೂ ಇದ್ದಾರೆ. ಅವರ ಹಿಂದೆ ಹೋಗಬೇಡಿ.

ಆಸ್ಪತ್ರೆಗೆ ಹೋಗುವವರಿಗೆ ಇನ್ನೊಂದು ಮಾತು, ಇದು ಎಲ್ಲಕ್ಕಿಂತ ದೊಡ್ಡ ಮೊತ್ತದ್ದು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಆದರೆ ತುರ್ತು ಸಂದರ್ಭ ಬಿಟ್ಟರೆ ದೊಡ್ಡ ಚಿಕಿತ್ಸೆಗೆ ಮೊದಲು ಇಲ್ಲಿನ ಸರ್ಕಾರಿ ಆಸ್ಪತ್ರೆಯಿಂದ ಶಿಫಾರಸು ಪತ್ರ ಬೇಕು. ನಮ್ಮವರು ಏನು ಮಾಡುತ್ತಾರೆ? ಗಾಬರಿಯಲ್ಲಿ ನೇರವಾಗಿ ಬೆಂಗಳೂರಿಗೆ ಹೋಗಿ, ಅಲ್ಲಿ ಪತ್ರ ಕೇಳಿದಾಗ ವಾಪಸು ಬರುತ್ತಾರೆ. ಎರಡು ಸಲದ ದಾರಿ, ಎರಡು ದಿನದ ಕೂಲಿ, ಮಲಗಿರುವ ರೋಗಿ. ಅರಸೀಕೆರೆಯಲ್ಲೋ ಹಾಸನದಲ್ಲೋ ಅರ್ಧ ದಿನ ಕೂತು ಪತ್ರ ಮಾಡಿಸಿಕೊಂಡೇ ಹೊರಡಿ. ಆಧಾರ್, ರೇಷನ್ ಕಾರ್ಡಿನ ಎರಡೆರಡು ಜೆರಾಕ್ಸ್ ಇಲ್ಲೇ ತೆಗೆಸಿ.

ಕೆಲಸ ಮುಗಿದು ಹೊತ್ತು ಉಳಿದರೆ ಊರು ನೋಡಿ. ಕಬ್ಬನ್ ಪಾರ್ಕಿಗೆ ದುಡ್ಡಿಲ್ಲ, ಅದರೊಳಗಿನ ಕೆಂಪು ಕಟ್ಟಡದ ಗ್ರಂಥಾಲಯಕ್ಕೂ ಇಲ್ಲ. ವಿಧಾನಸೌಧವನ್ನು ರಸ್ತೆಯಲ್ಲಿ ನಿಂತು ನೋಡುವುದಕ್ಕೆ ಯಾರೂ ಕಾಸು ಕೇಳುವುದಿಲ್ಲ.

ಇನ್ನು ನಮ್ಮ ಕಡೆಯ ಮಾತು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಹಳೇಬೀಡಿನಲ್ಲಿ ಬಸ್ಸಿಳಿದ ಪರಸ್ಥಳದವರು ನನ್ನನ್ನು ಕೇಳುವುದು ಹೊಯ್ಸಳೇಶ್ವರನ ಬಗ್ಗೆ ಅಲ್ಲ. ಶೌಚಾಲಯ ಎಲ್ಲಿದೆ, ಊಟ ಎಲ್ಲಿ ಚೆನ್ನಾಗಿದೆ, ಬೇಲೂರಿಗೆ ಬಸ್ಸು ಎಷ್ಟು ಹೊತ್ತಿಗೆ. ನಾವು ನಿಂತು ಹೇಳುತ್ತೇವೆ, ಕೆಲವರನ್ನು ಬಸ್ಸಿನವರೆಗೂ ಬಿಟ್ಟು ಬರುತ್ತೇವೆ. ಆ ಹಳೇಬೀಡು ದೋರಸಮುದ್ರವೆಂಬ ರಾಜಧಾನಿಯಾಗಿದ್ದ ಕಾಲದಲ್ಲಿ, 1311ರಲ್ಲಿ ಮಲಿಕ್ ಕಾಫರನ ದಂಡು ಬರುವ ಮುಂಚೆ, ನಮ್ಮ ಈ ಹಳ್ಳಿಗಳ ಜನವೂ ಏನೋ ಒಂದು ಅಹವಾಲು ಹಿಡಿದು ಅಲ್ಲಿಗೆ ನಡೆದುಹೋಗಿರಬೇಕು. ಅವರೂ ಯಾರನ್ನೋ ಕೇಳಿರಬೇಕು, ರಾತ್ರಿ ಎಲ್ಲಿ ಮಲಗಲಿ ಎಂದು.

ನನ್ನ ಗೆಳೆಯನ ಕಥೆ ಅಲ್ಲಿಗೇ ಬಿಟ್ಟಿದ್ದೆ. ಅವನು ಊರಲ್ಲೇ ಉಳಿದು ತೋಟ ಮಾಡಿದ. 2009ರಲ್ಲಿ ಅವನ ಮಗಳಿಗೆ ಸಿಇಟಿ ಕೌನ್ಸೆಲಿಂಗ್‌ಗೆ ಕರೆ ಬಂತು. ಹಿಂದಿನ ರಾತ್ರಿ ಅಪ್ಪ ಮಗಳು ನನ್ನ ಮನೆಗೆ ಬಂದರು. ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ ಅದು. ನನ್ನ ಹೆಂಡತಿ ಮತ್ತು ಹುಡುಗಿ ಕೋಣೆಯಲ್ಲಿ, ನಾನೂ ಅವನೂ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದೆವು. ದೀಪ ಆರಿಸಿದ ಮೇಲೆ, ಮೂವತ್ತು ವರ್ಷ ತಡವಾಗಿ, ಛತ್ರದ ವಿಷಯ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, 'ನಂಗೊಂದು ಕಾರ್ಡು ಬರೆದು ಹೇಳಿದ್ದಿದ್ರೆ, ಮುಂದಿನ ವರ್ಷ ಮತ್ತೆ ಅರ್ಜಿ ಹಾಕ್ತಿದ್ದೆ ಕಣೋ' ಅಂದ. ಒಂದು ಕಾರ್ಡಿಗೆ ಆಗ 15 ಪೈಸೆ. ಬೆಳಿಗ್ಗೆ ಎದ್ದು ಮೂವರೂ ಮಲ್ಲೇಶ್ವರಕ್ಕೆ ಹೋದೆವು. ಹುಡುಗಿಗೆ ಸೀಟು ಸಿಕ್ಕಿತು.

ಅದಕ್ಕೇ ಸಮಿತಿಯವರಲ್ಲಿ ಒಂದು ಬೇಡಿಕೆ. ಈ ಮಹೋತ್ಸವದ ನೆನಪಿಗೆ ಮಹಾದ್ವಾರ ಕಟ್ಟಿಸುವ ಯೋಚನೆ ಇದೆ ಎಂದು ಕೇಳಿದೆ. ಕಟ್ಟಿಸಿ, ನನ್ನ ಪಾಲು ಕೊಡುತ್ತೇನೆ. ಅದರ ಜೊತೆ ಮುಖ್ಯೋಪಾಧ್ಯಾಯರ ಕೋಣೆಯ ಹೊರಗೆ ಒಂದು ಫಲಕ ಹಾಕಿ. ಬೆಂಗಳೂರು, ಮೈಸೂರು, ಹಾಸನ, ಮಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಯಾರು ಒಂದು ರಾತ್ರಿ ಜಾಗ ಕೊಡಬಲ್ಲರು, ಯಾರು ಆಸ್ಪತ್ರೆಯವರೆಗೆ ಜೊತೆಯಲ್ಲಿ ಬರಬಲ್ಲರು, ಯಾರು ಫೋನಿನಲ್ಲಿ ದಾರಿ ಹೇಳಬಲ್ಲರು ಅನ್ನುವುದು ಅದರಲ್ಲಿರಲಿ. ವರ್ಷಕ್ಕೊಮ್ಮೆ ತಿದ್ದಬೇಕು, ಇಲ್ಲವಾದರೆ ಅದೂ ಗೋಡೆಯ ಮೇಲಿನ ಸುಭಾಷಿತದ ಹಾಗೆ ಆಗುತ್ತದೆ. ತಿದ್ದುವ ಕೆಲಸ ನನ್ನ ಗೆಳೆಯ ಒಪ್ಪಿಕೊಂಡಿದ್ದಾನೆ. ಅವನ ಅಕ್ಷರ ಈಗಲೂ ನನ್ನದಕ್ಕಿಂತ ದುಂಡಗಿದೆ.

ಊಟದ ಚಪ್ಪರದ ಬಾಗಿಲಲ್ಲಿ ಒಂದು ಉದ್ದನೆಯ ನೋಟ್‌ಬುಕ್ ಇಟ್ಟುಕೊಂಡು ಅವನು ಕೂತಿರುತ್ತಾನೆ. ಮೊದಲನೆಯ ಸಾಲಿನಲ್ಲಿ ನನ್ನ ಹೆಸರು ಇದೆ. ಊರಿಂದ ಹೊರಗಿರುವವರು ಎಲೆಗೆ ಕೂರುವ ಮುಂಚೆ ಅವನ ಹತ್ತಿರ ಹೋಗಿ ಬನ್ನಿ.