ಹಳೆಯ ಗಾಡಿ ಹೊರಡದಿದ್ದರೆ ಮೊದಲು ಏನು ನೋಡಬೇಕು?

(ಹೊನ್ನಾವರ ತಾಲೂಕಿನ ಯುವಕ ಸಂಘವೊಂದರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಅಡಿಕೆಯ ಕೊಳೆರೋಗದ ಬಗ್ಗೆಯೋ ಗೊಬ್ಬರದ ಗುಂಡಿಯ ಬಗ್ಗೆಯೋ ಮಾತನಾಡಬೇಕಾದ ನಾನು ಈ ಹೊತ್ತು ಮೋಟಾರು ಗಾಡಿಯ ವಿಷಯ ಹಿಡಿದು ನಿಂತದ್ದನ್ನು ಕಂಡು ನಿಮಗೆ ಆಶ್ಚರ್ಯವಾಗಿರಬಹುದು. ನಾನು ಮೆಕ್ಯಾನಿಕನಲ್ಲ. ನಾನು ಓದಿದ್ದು ಕೃಷಿ ಡಿಪ್ಲೊಮಾ. ಆದರೆ ಕಳೆದ ಮಳೆಗಾಲದ ಒಂದು ರಾತ್ರಿ ಈ ವಿದ್ಯೆ ನನಗೆ ಗೊತ್ತಿಲ್ಲದ್ದಕ್ಕಾಗಿ ನಾಚಿಕೆಪಟ್ಟೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

ಗೇರುಸೊಪ್ಪೆಯ ದಾರಿಯಿಂದ ಒಳಗಿರುವ ಒಂದು ಕೇರಿಯಲ್ಲಿ ಆ ರಾತ್ರಿ ನಾನು ಉಳಿದಿದ್ದೆ. ಸುಮಾರು ಹನ್ನೊಂದು ಗಂಟೆಗೆ ಪಕ್ಕದ ಮನೆಯ ಬಾಣಂತನದ ಹೆಣ್ಣುಮಗಳಿಗೆ ನೋವು ಕಾಣಿಸಿಕೊಂಡಿತು. 2008ರಿಂದ ನಮ್ಮ ರಾಜ್ಯದಲ್ಲಿ 108ರ ಅಂಬುಲೆನ್ಸು ಇದೆ, ಕರೆಯೂ ಹೋಯಿತು. ಆದರೆ ಮರ ಬಿದ್ದ ದಾರಿಯಲ್ಲಿ ಅದು ಬಂದು ಮುಟ್ಟಬೇಕಲ್ಲ! ಕೇರಿಯಲ್ಲಿದ್ದದ್ದು ಒಂದೇ ಗಾಡಿ, ಹಳೆಯ ಅಂಬಾಸಿಡರು. ಯಜಮಾನರು ಸೆಲ್ಫು ಒತ್ತಿದರು. ಇಂಜಿನು ಚೆನ್ನಾಗಿ ತಿರುಗಿತು, ಆದರೆ ಹಿಡಿಯಲಿಲ್ಲ. ಮತ್ತೆ ಒತ್ತಿದರು, ಮತ್ತೆ ಮತ್ತೆ ಒತ್ತಿದರು. ಕಾಲು ಗಂಟೆಯಲ್ಲಿ ಬ್ಯಾಟರಿ ಸತ್ತಿತು. ನಾವು ಎಂಟು ಜನ ಕೆಸರಿನಲ್ಲಿ ತಳ್ಳಿದೆವು. ಇಳಿಜಾರಿನ ಕೊನೆಯಲ್ಲಿ ಗಾಡಿ ನಿಂತಿತು, ಇಂಜಿನು ಮಾತ್ರ ಹೊರಡಲಿಲ್ಲ. ಕಡೆಗೆ ಆಚೆ ಊರಿನ ಮೀನಿನ ಪಿಕಪ್ಪು ಬಂದು ಆಕೆಯನ್ನು ಕರೆದೊಯ್ದಿತು. ತಾಯಿಯೂ ಮಗುವೂ ಕ್ಷೇಮ. ಮಗು ಈಗ ಮಗುಚಿ ಬೀಳುತ್ತಿದೆ.

ಮರುದಿನ ಬೆಳಿಗ್ಗೆ ಕುಮಟೆಯಿಂದ ಹಳೆಯ ಬಾಡಿಗೆ ಕಾರಿನ ಚಾಲಕರೊಬ್ಬರನ್ನು ಕರೆಸಿದೆವು. ಅವರು ಬಂದವರು ಚಹವನ್ನೂ ಮುಟ್ಟದೆ ನನ್ನನ್ನೇ ಕೇಳಿದರು: "ತಮಾ, ಸೆಲ್ಫು ತಿರುಗ್ತಿತ್ತೋ, ಇಲ್ಲವೋ? ಹಿಂದಿನ ದಿವಸ ನಿಲ್ಲುವಾಗ ಕೆಮ್ಮಿ ನಿಂತಿತೋ, ಸುಮ್ಮನೆ ನಿಂತಿತೋ?" ನನಗೆ ಉತ್ತರ ಗೊತ್ತಿರಲಿಲ್ಲ. ಪಿಕಪ್ಪಿನ ಬ್ಯಾಟರಿಯಿಂದ ತಂತಿ ಎಳೆದು ಕೊಟ್ಟರೂ ಹೊರಡಲಿಲ್ಲ. ಆಗ ಅವರು ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ತೋರಿಸಿದರು. ಒಳಗೆ ಇಬ್ಬನಿಯಂತೆ ನೀರು ಕಟ್ಟಿತ್ತು. ತಮ್ಮ ಹೆಗಲ ಮೇಲಿನ ಒಣ ಬಟ್ಟೆಯಿಂದ ಒರೆಸಿ ಮುಚ್ಚಿದರು, ಗಾಡಿ ಹೊರಟಿತು. ಇದೇ ಗಾಡಿಗೆ ಒಂದು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಹೊಸ ಕೊಯಿಲೂ ಹೊಸ ಬ್ಯಾಟರಿಯೂ ಹಾಕಿಸಿ ಯಜಮಾನರು ಸಾಕಷ್ಟು ಹಣ ಕೊಟ್ಟಿದ್ದರು!

ಎಲೆ ಹಳದಿಯಾದ ಕೂಡಲೇ ಯೂರಿಯಾ ಸುರಿಯುವ ರೈತನಿಗೆ ನಾವು ಏನು ಹೇಳುತ್ತೇವೆ? ಬೇರು ನೋಡು, ನೀರು ನಿಂತಿದೆಯೋ ನೋಡು, ಆಮೇಲೆ ಗೊಬ್ಬರದ ಮಾತು ಎನ್ನುತ್ತೇವೆ. ಗಾಡಿಯದೂ ಅದೇ ಲೆಕ್ಕ. ಇಂಜಿನು ಹೊರಡಬೇಕಾದರೆ ಅದು ಸಾಕಷ್ಟು ವೇಗದಲ್ಲಿ ತಿರುಗಬೇಕು, ಸರಿಯಾದ ಹೊತ್ತಿಗೆ ಪ್ಲಗ್ಗಿನಲ್ಲಿ ಕಿಡಿ ಬೀಳಬೇಕು, ಪೆಟ್ರೋಲೂ ಗಾಳಿಯೂ ಹದವಾಗಿ ಬೆರೆತು ಒಳಗೆ ಹೋಗಬೇಕು, ಒಳಗೆ ಹೋದದ್ದು ಒತ್ತಡಕ್ಕೆ ಸಿಕ್ಕಬೇಕು. ಯಾವುದು ಇಲ್ಲ ಎಂಬುದನ್ನು ಕಂಡುಹಿಡಿಯುವ ಮೊದಲು ಒಂದು ಸ್ಕ್ರೂವನ್ನೂ ತಿರುಗಿಸತಕ್ಕದ್ದಲ್ಲ.

ನಾನು ಹೇಳುವುದು ಪಾಯಿಂಟೂ ಕಾರ್ಬುರೇಟರೂ ಇರುವ ಹಳೆಯ ಪೆಟ್ರೋಲು ಗಾಡಿಗಳ ವಿಷಯ. ಅಂಬಾಸಿಡರು 1958ರಿಂದ 2014ರವರೆಗೆ ಬಂಗಾಳದ ಉತ್ತರಪಾರಾದಲ್ಲಿ ತಯಾರಾಯಿತು. ಅದರ 1,489 ಸಿ.ಸಿ.ಯ ಹಳೆಯ ಇಂಜಿನು ನಮ್ಮ ಕಡೆ ಇನ್ನೂ ಅಲ್ಲಲ್ಲಿ ಉಸಿರಾಡುತ್ತಿದೆ. ಪದ್ಮಿನಿ, ಹಳೆಯ ಪೆಟ್ರೋಲು ಜೀಪು, ಇವಕ್ಕೂ ಇದೇ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಕಂಪ್ಯೂಟರು ಇರುವ ಈಚಿನ ಗಾಡಿಗಳ ತಂತಿಗಳನ್ನು ಮಾತ್ರ ಹೀಗೆ ಕಳಚಲು ಹೋಗಬೇಡಿರಿ.

ಮೊದಲು ಕಿವಿಯಿಂದ ನೋಡಬೇಕು. ಹೆಡ್‌ಲೈಟು ಹಾಕಿ ಸೆಲ್ಫು ಒತ್ತಿರಿ, ಒಬ್ಬರು ಮುಂದೆ ನಿಂತು ದೀಪ ನೋಡಲಿ. ದೀಪ ಪೂರಾ ಆರಿಹೋದರೆ ಬ್ಯಾಟರಿ ಖಾಲಿ, ಇಲ್ಲವೇ ಅದರ ತಂತಿಯ ಹಿಡಿತ ಸಡಿಲ. ದೀಪ ಪ್ರಕಾಶವಾಗಿಯೇ ಇದ್ದು ಸೆಲ್ಫು ಮಾತನಾಡದಿದ್ದರೆ ಸ್ವಿಚ್ಚು, ಸೊಲೆನಾಯ್ಡು ಅಥವಾ ಸೆಲ್ಫಿನದೇ ದೋಷ. 'ಟಕ್' ಎಂದು ಒಂದೇ ಸದ್ದಾಗಿ ದೀಪ ಬಹಳ ಮಂಕಾದರೆ ಸೆಲ್ಫಿನ ಹಲ್ಲು ಚಕ್ರಕ್ಕೆ ಕಚ್ಚಿಕೊಂಡಿರಬಹುದು. ಕೀ ತೆಗೆದು, ಮೇಲಿನ ಗೇರಿಗೆ ಹಾಕಿ, ಗಾಡಿಯನ್ನು ಹಿಂದೆ ಮುಂದೆ ಅಲುಗಾಡಿಸಿದರೆ ಎಷ್ಟೋ ಸಲ ಬಿಡುತ್ತದೆ.

ನಮ್ಮ ಕರಾವಳಿಯಲ್ಲಿ ಬ್ಯಾಟರಿಗಿಂತ ಅದರ ಟರ್ಮಿನಲ್ಲುಗಳೇ ಹೆಚ್ಚು ಕೈಕೊಡುತ್ತವೆ. ಮುರ್ಡೇಶ್ವರ, ಮಂಕಿ, ಅಘನಾಶಿನಿಯ ಕಡೆ ಸಮುದ್ರದ ಉಪ್ಪುಗಾಳಿ ಬೀಸುವ ಮನೆಗಳಲ್ಲಿ ಇದನ್ನು ಕಣ್ಣಾರೆ ಕಾಣಬಹುದು: ಟರ್ಮಿನಲ್ಲಿನ ಮೇಲೆ ಬೂದಿಯಂತೆ ಬಿಳಿ, ಕೆಲವು ಸಲ ನೀಲಿಮಿಶ್ರಿತ ಹುಡಿ. ಒಂದು ಲೋಟ ನೀರಿಗೆ ಒಂದು ಚಮಚ ಅಡಿಗೆ ಸೋಡಾ ಹಾಕಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆಯಿರಿ. ಆ ನೀರು ಬ್ಯಾಟರಿಯ ಒಳಗೆ ಹೋಗಕೂಡದು. ಒಣಗಿಸಿ, ಬಿಗಿಮಾಡಿ, ಮೇಲೆ ವ್ಯಾಸಲೀನು ಸವರಿರಿ. ಬ್ಯಾಟರಿಯಿಂದ ಗಾಡಿಯ ಮೈಗೆ ಹೋಗುವ ಅರ್ತಿನ ಪಟ್ಟಿಯ ಇನ್ನೊಂದು ತುದಿಯನ್ನು ಯಾರೂ ನೋಡುವುದಿಲ್ಲ, ತುಕ್ಕು ಹಿಡಿಯುವುದು ಅಲ್ಲಿಯೇ. ಕಳಚುವಾಗ ಅರ್ತನ್ನು ಮೊದಲು ಕಳಚಿ, ಜೋಡಿಸುವಾಗ ಕೊನೆಗೆ ಜೋಡಿಸಿರಿ. ಬಹಳ ಹಳೆಯ ಕೆಲವು ಗಾಡಿಗಳಲ್ಲಿ ಪಾಸಿಟಿವೇ ಅರ್ತಾಗಿರುತ್ತದೆ, ಆದುದರಿಂದ ಗುರುತು ನೋಡದೆ ತಂತಿ ಹಚ್ಚಬೇಡಿರಿ. ಮೀಟರು ಇದ್ದವರು ಅಳೆದು ನೋಡಬಹುದು: ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟು ತೋರಿಸುತ್ತದೆ, 12ಕ್ಕಿಂತ ಕೆಳಗಿದ್ದರೆ ಅದನ್ನು ಖಾಲಿಯೆಂದೇ ತಿಳಿಯಬೇಕು.

ಇಂಜಿನು ಚುರುಕಾಗಿ ತಿರುಗಿಯೂ ಹಿಡಿಯದಿದ್ದರೆ? ಆಗ ಸೆಲ್ಫು ಒತ್ತುವುದನ್ನು ನಿಲ್ಲಿಸಿರಿ. ಒಮ್ಮೆಗೆ ಹತ್ತು ಸೆಕೆಂಡು ಸಾಕು, ನಡುವೆ ಅರ್ಧ ನಿಮಿಷವಾದರೂ ವಿಶ್ರಾಂತಿ ಇರಲಿ. ಆ ರಾತ್ರಿ ನಾವು ಇಷ್ಟು ತಿಳಿದಿದ್ದರೂ ಬ್ಯಾಟರಿ ಉಳಿಯುತ್ತಿತ್ತು.

ಚಾಲಕರು ಕೇಳಿದ ಎರಡನೆಯ ಪ್ರಶ್ನೆಯ ಬೆಲೆ ಇಲ್ಲಿ ತಿಳಿಯುತ್ತದೆ. ಓಡುತ್ತಿದ್ದ ಗಾಡಿ ದೀಪ ಆರಿದಂತೆ ಒಮ್ಮೆಲೇ ನಿಂತರೆ ಹೆಚ್ಚಾಗಿ ಕಿಡಿಯ ದೋಷ. ಕೆಮ್ಮಿ, ಎಳೆದು, ಶಕ್ತಿ ಕುಂದಿ ನಿಂತರೆ ಹೆಚ್ಚಾಗಿ ಪೆಟ್ರೋಲಿನ ದೋಷ. ಇದು ಕಟ್ಟಾಜ್ಞೆಯಲ್ಲ, ಆದರೆ ಹತ್ತರಲ್ಲಿ ಏಳೆಂಟು ಸಲ ದಾರಿ ತೋರಿಸುತ್ತದೆ ಎಂದು ಅವರ ಅನುಭವ.

ಕಿಡಿಯನ್ನೇ ಮೊದಲು ಪರೀಕ್ಷಿಸಬೇಕು. ಅದೇಕೆಂದರೆ ಪೆಟ್ರೋಲಿನ ಕೊಳವೆ ಬಿಚ್ಚಿದ ಮೇಲೆ ಕಿಡಿ ಹಾರಿಸಿದರೆ ಗಾಡಿಗೆ ಬೆಂಕಿ ಬಿದ್ದೀತು. ಪೆಟ್ರೋಲಿನ ವಾಸನೆ ಜೋರಾಗಿದ್ದರೆ ಬಾನೆಟ್ಟು ತೆರೆದು ಅದು ಹೋಗುವವರೆಗೆ ಕಾಯಿರಿ. ಬೀಡಿ ಸೇದುವವರು ಅಂಗಳದ ಆಚೆ ಹೋಗಲಿ. ಕೊಯಿಲಿನಿಂದ ಬರುವ ದಪ್ಪ ತಂತಿಯನ್ನು ಡಿಸ್ಟ್ರಿಬ್ಯೂಟರ್ ಮುಚ್ಚಳದ ನಡುವಿನಿಂದ ಕಿತ್ತು, ಬಟ್ಟೆ ಒಣಹಾಕುವ ಮರದ ಕ್ಲಿಪ್ಪಿನಿಂದ ಹಿಡಿದು, ಅದರ ತುದಿಯನ್ನು ಇಂಜಿನಿನ ಶುಭ್ರವಾದ ಲೋಹಕ್ಕೆ ಸುಮಾರು 6 ಮಿಲ್ಲಿಮೀಟರು ದೂರದಲ್ಲಿಡಿ. ಇನ್ನೊಬ್ಬರು ಸೆಲ್ಫು ಒತ್ತಲಿ. ನೀಲಿಯ ದಪ್ಪ ಕಿಡಿ ಚಟಚಟನೆ ಹಾರಿದರೆ ಕೊಯಿಲು ಸರಿಯಿದೆ, ದೋಷ ಮುಚ್ಚಳದಲ್ಲೋ ರೋಟರಿನಲ್ಲೋ ಪ್ಲಗ್ಗಿನಲ್ಲೋ ಇದೆ. ವರ್ಷಕ್ಕೆ 3,000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ಮೂರು ತಾಲೂಕುಗಳಲ್ಲಿ ಆಷಾಢ ಶ್ರಾವಣಗಳಲ್ಲಿ ಮೊದಲು ಸಂಶಯಪಡಬೇಕಾದದ್ದು ಮುಚ್ಚಳವನ್ನೇ. ಒರೆಸಿದ ಮೇಲೂ ಆಗದಿದ್ದರೆ ಬೆಳಕಿಗೆ ಹಿಡಿದು ನೋಡಿರಿ. ಪೆನ್ಸಿಲಿನ ಗೆರೆಯಂತೆ ಕಪ್ಪು ಗೆರೆ ಕಂಡರೆ ಅದು ಬಿರುಕು, ಕಿಡಿ ಅಲ್ಲಿಂದಲೇ ಸೋರುತ್ತದೆ. ಪ್ಲಗ್ಗಿನ ತಂತಿಗಳನ್ನು ಮಾತ್ರ ನಾಲ್ಕನ್ನೂ ಒಟ್ಟಿಗೆ ಕೀಳಬೇಡಿರಿ. ಅಂಬಾಸಿಡರಿನ ಕ್ರಮ 1, 3, 4, 2. ತಪ್ಪಿ ಹಾಕಿದರೆ ಇದ್ದ ದೋಷದ ಮೇಲೆ ಇನ್ನೊಂದು ದೋಷ.

ಕಿಡಿಯೇ ಇಲ್ಲದಿದ್ದರೆ, ಅಥವಾ ಹಳದಿಯಾಗಿ ತೆಳ್ಳಗಿದ್ದರೆ ಪಾಯಿಂಟು ನೋಡಿರಿ. ಅದು ಪೂರ್ತಿ ತೆರೆದಾಗ ಸಂದು ಸುಮಾರು 0.38 ಮಿಲ್ಲಿಮೀಟರು ಇರಬೇಕು, ಪ್ಲಗ್ಗಿನದು ಸುಮಾರು 0.6. ಇದಕ್ಕೆ ಫೀಲರ್ ಗೇಜು ಎಂಬ ಅಳತೆಪಟ್ಟಿ ಬೇಕು, ಬ್ಲೇಡಿನಿಂದ ಅಂದಾಜು ಮಾಡುವುದು ಸರಿಯಲ್ಲ. ಪಾಯಿಂಟಿನ ಮುಖ ಸುಟ್ಟು ಒಂದು ಕಡೆ ಗುಬ್ಬಿಯೂ ಇನ್ನೊಂದು ಕಡೆ ಗುಳಿಯೂ ಬಿದ್ದಿದ್ದರೆ ಕಂಡೆನ್ಸರಿನ ಮೇಲೆ ಸಂಶಯಪಡಬೇಕು.

ಕಿಡಿ ಸರಿಯಾಗಿದ್ದರೆ ಪೆಟ್ರೋಲು. ನಗಬೇಡಿರಿ, ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೋ ಎಂದು ಮೊದಲು ನೋಡಬೇಕು. ಹಳೆಯ ಗಾಡಿಯ ಮುಳ್ಳನ್ನು ನಂಬಿ ಭಟ್ಕಳದ ಮಲ್ಲಿಗೆ ಹೂವನ್ನು ಬುಟ್ಟಿಯಲ್ಲೇ ಬಾಡಿಸಿಕೊಂಡವರನ್ನು ನಾನು ಬಲ್ಲೆ. ಆಮೇಲೆ ಏರ್ ಕ್ಲೀನರು ತೆಗೆದು, ಕಾರ್ಬುರೇಟರಿನ ಬಾಯಿಗೆ ಮುಖ ತೀರ ಹತ್ತಿರ ತಾರದೆ, ಎಕ್ಸಿಲರೇಟರು ಒತ್ತಿಸಿ ನೋಡಿರಿ. ಸಣ್ಣ ಧಾರೆ ಚಿಮ್ಮಿದರೆ ಪೆಟ್ರೋಲು ಅಲ್ಲಿಯವರೆಗೆ ಬಂದಿದೆ. ಚಿಮ್ಮದಿದ್ದರೆ ಕೊಯಿಲಿನ ತಂತಿಯನ್ನು ಕಳಚಿಟ್ಟು, ಎ.ಸಿ. ಪಂಪಿನಿಂದ ಬರುವ ಕೊಳವೆಯನ್ನು ಬಿಚ್ಚಿ ಗಾಜಿನ ಬಾಟಲಿಗೆ ಬಿಟ್ಟು ಸೆಲ್ಫು ತಿರುಗಿಸಿರಿ. ಬಿಟ್ಟು ಬಿಟ್ಟು ಜೋರಾಗಿ ಬಂದರೆ ಪಂಪು ಸರಿ, ಕಾರ್ಬುರೇಟರಿನ ಫ್ಲೋಟಿನ ಸೂಜಿ ಸಿಕ್ಕಿಕೊಂಡಿರಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲನೆ ತಟ್ಟಿ ನೋಡಿರಿ. ಬಾರದಿದ್ದರೆ ಟ್ಯಾಂಕಿನ ಮುಚ್ಚಳ ತೆರೆಯಿರಿ. 'ಸುಯ್' ಎಂದು ಗಾಳಿ ಒಳಗೆಳೆದ ಸದ್ದಾದರೆ ಮುಚ್ಚಳದ ಗಾಳಿರಂಧ್ರ ಕಟ್ಟಿದೆ ಎಂದರ್ಥ. ಅದಲ್ಲವಾದರೆ ಫಿಲ್ಟರು, ಪಂಪಿನ ಪೊರೆ, ರಬ್ಬರಿನ ಕೊಳವೆ.

ರಬ್ಬರಿನ ಮಾತು ಬಂದದ್ದರಿಂದ ಒಂದು ಹೊಸ ಸಂಗತಿ ಹೇಳಬೇಕು. ನೂರಕ್ಕೆ 20 ಪಾಲು ಎಥನಾಲು ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು, 2025ರ ಹೊತ್ತಿಗೆ ಅದು ದೇಶದ ಎಲ್ಲ ಕಡೆಗೂ ಹಬ್ಬಿತು. ಕಬ್ಬಿನ ರೈತನಿಗೆ ಇದು ಲಾಭ, ನಾನು ಅದರ ವಿರೋಧಿಯಲ್ಲ. ಆದರೆ ಹಳೆಯ ಗಾಡಿಯ ರಬ್ಬರು ಇದಕ್ಕಾಗಿ ಮಾಡಿದ್ದಲ್ಲ. ಉಬ್ಬುತ್ತದೆ, ಬಿರುಕು ಬಿಡುತ್ತದೆ. ಟ್ಯಾಂಕಿನಲ್ಲಿ ವರ್ಷಗಟ್ಟಲೆ ಅಂಟಿದ ಕಿಟ್ಟ ಎದ್ದು ಫಿಲ್ಟರಿಗೆ ಬರುತ್ತದೆ. ಎಥನಾಲು ನೀರನ್ನು ಸೆಳೆಯುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ, ಕೊಳವೆ ಎಳೆಯುವುದೂ ತಳದಿಂದಲೇ. ಬಾಟಲಿಯಲ್ಲಿ ಹಿಡಿದ ಪೆಟ್ರೋಲನ್ನು ಹತ್ತು ನಿಮಿಷ ನೆಟ್ಟಗೆ ಇಟ್ಟು ನೋಡಿರಿ. ಅಡಿಯಲ್ಲಿ ಬೇರೆ ಪದರ ಕಂಡರೆ ಟ್ಯಾಂಕು ಖಾಲಿಮಾಡದೆ ಬೇರೆ ದಾರಿಯಿಲ್ಲ. ಮಳೆಗಾಲದಲ್ಲಿ ನಾಲ್ಕು ತಿಂಗಳು ಕೊಟ್ಟಿಗೆಯಲ್ಲಿ ನಿಂತ ಗಾಡಿಗೆ ಇದು ಮುಖ್ಯ.

ಪೆಟ್ರೋಲು ಹೆಚ್ಚಾಗಿಯೂ ಗಾಡಿ ಹೊರಡದು. ವಾಸನೆ ಬಂದು ಪ್ಲಗ್ಗು ಒದ್ದೆಯಾಗಿದ್ದರೆ ಚೋಕು ಒಳಗೆ ತಳ್ಳಿ, ಎಕ್ಸಿಲರೇಟರನ್ನು ಪೂರಾ ಒತ್ತಿಹಿಡಿದು ಐದಾರು ಸೆಕೆಂಡು ತಿರುಗಿಸಿರಿ. ಪದೇ ಪದೇ ಒತ್ತಿ ಬಿಟ್ಟರೆ ಇನ್ನಷ್ಟು ಪೆಟ್ರೋಲು ಹೋಗುತ್ತದೆ. ಬೇಸಿಗೆಯಲ್ಲಿ ದೇವಿಮನೆ ಘಟ್ಟ ಹತ್ತಿ ಚಹಕ್ಕೆ ನಿಂತ ಗಾಡಿ ಮತ್ತೆ ಹೊರಡದಿದ್ದರೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿರುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಇನ್ನೊಂದು ಚಹ ಕುಡಿಯಿರಿ.

ಕಿಡಿಯೂ ಇದೆ, ಪೆಟ್ರೋಲೂ ಇದೆ, ಆದರೂ ಇಲ್ಲವೆಂದರೆ ಟೈಮಿಂಗು, ವಾಲ್ವು, ಒತ್ತಡ. ಅದು ಮೆಕ್ಯಾನಿಕರ ಕೆಲಸ. ಆಗಲೂ ನೀವು ನೋಡಿದ್ದೇನು, ಕಂಡದ್ದೇನು ಎಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಬೇಡದ ಸಾಮಾನು ಬದಲಾಯಿಸುವುದು ತಪ್ಪುತ್ತದೆ.

ಹಿಂದಿನ ಸಾಲಿನಿಂದ ಡೀಸಲು ಪಂಪುಸೆಟ್ಟಿನ ಬಗ್ಗೆ ಕೇಳುತ್ತಿದ್ದಾರೆ. ಅದಕ್ಕೆ ಕಿಡಿಯೇ ಇಲ್ಲ. ಡೀಸಲಿನ ದಾರಿಯಲ್ಲಿ ಗಾಳಿ ಸೇರಿದೆಯೋ ಎಂದು ಮೊದಲು ನೋಡಬೇಕು. ಅದನ್ನು ಬಾಯಲ್ಲಿ ಹೇಳುವುದಕ್ಕಿಂತ ಬಿಚ್ಚಿ ತೋರಿಸುವುದು ಮೇಲು. ಬರುವ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಶಾಲೆಯ ಮೈದಾನಕ್ಕೆ ಆ ಕುಮಟೆಯ ಚಾಲಕರು ಬರಲು ಒಪ್ಪಿದ್ದಾರೆ. ಗಾಡಿ ಇದ್ದವರು ಗಾಡಿ ತನ್ನಿರಿ, ಹೊರಡದ ಗಾಡಿಯಾದರೆ ತಳ್ಳಿಕೊಂಡಾದರೂ ತನ್ನಿರಿ. ಫೀಲರ್ ಗೇಜು ನಾನು ತರುತ್ತೇನೆ. ಒಂದು ಗಾಜಿನ ಬಾಟಲಿ, ಅಡಿಗೆ ಸೋಡಾ, ಒಂದು ಒಣ ಬಟ್ಟೆ ನಿಮ್ಮ ಕಡೆಯಿಂದ ಬರಲಿ.