ಬೋನು ಕೊಳ್ಳುವ ಮುನ್ನ

ಇಂದಿನ ಮಾತು ಇಲಿಬೋನಿನ ಬಗ್ಗೆ. ನಗಬೇಡಿ. ಮಳೆಗಾಲ ಕಾಲಿಟ್ಟರೆ ಸಾಕು, ಮುಂಬಯಿಯ ಚಾಳಾಗಲಿ ಪುಣೆಯ ಸೊಸೈಟಿಯಾಗಲಿ, ಬಿಲಕ್ಕೆ ನೀರು ನುಗ್ಗಿದ ಇಲಿಗಳು ನಮ್ಮ ಅಡುಗೆಮನೆಗೆ ವಲಸೆ ಬರುತ್ತವೆ. ನಾವೂ ಈ ಊರಿಗೆ ವಲಸೆ ಬಂದವರೇ, ಆದರೆ ಬಾಡಿಗೆ ಕೊಡುತ್ತೇವೆ!

ತಮಾಷೆ ಇರಲಿ. ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ ಜ್ವರ ಹರಡುತ್ತದೆ. 2005ರ ಜುಲೈ 26ರ ಮಹಾಮಳೆಯ ನಂತರ ಮುಂಬಯಿ ಅದನ್ನು ಕಣ್ಣಾರೆ ಕಂಡಿತು. ಹಾಗಾಗಿ ಇಲಿಯನ್ನು ಹಿಡಿಯಲೇಬೇಕು. ಹಿಡಿಯುವುದು ಯಾವುದರಿಂದ ಎಂಬುದೇ ಪ್ರಶ್ನೆ.

ಅಂಗಡಿಯವನನ್ನು ಕೇಳಿದರೆ ಅವನು ಮೊದಲು ಎತ್ತಿಕೊಡುವುದು ಗ್ಲೂ ಪ್ಯಾಡ್. ಪುಸ್ತಕದಂತೆ ಮಡಚಿದ ರಟ್ಟು, ಬಿಡಿಸಿದರೆ ಒಳಗೆ ಅಂಟು. ಅಗ್ಗ, ಹಗುರ, ಕೈಗೆ ರಕ್ತ ತಾಗುವುದಿಲ್ಲ. ಆದರೆ ಅದರ ಮೇಲೆ ಕಾಲಿಟ್ಟ ಇಲಿ ಕೂಡಲೇ ಸಾಯುವುದಿಲ್ಲ. ಹಸಿವು, ಬಾಯಾರಿಕೆ, ಸುಸ್ತಿನಿಂದ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಒದ್ದಾಡುತ್ತದೆ. ಬೆಳಿಗ್ಗೆ ನಾವು ಮುಖ ತಿರುಗಿಸಿಕೊಂಡು ರಟ್ಟನ್ನು ಮಡಚಿ ಕಸದ ಡಬ್ಬಿಗೆ ಹಾಕುತ್ತೇವೆ. ಅದನ್ನು ಎತ್ತುವ ಕೈ ಬೇರೆಯವರದು. ಹಲ್ಲಿ, ಅಳಿಲು, ಗುಬ್ಬಿ ಕೂಡ ಅದೇ ಅಂಟಿಗೆ ಬೀಳುತ್ತವೆ.

ಅಂಗಡಿಯಲ್ಲಿ ಮಾರುತ್ತಾರೆ ಎಂದ ಮಾತ್ರಕ್ಕೆ ಅದು ಕಾನೂನಿಗೆ ಒಪ್ಪಿಗೆ ಎಂದುಕೊಳ್ಳಬೇಡಿ. ಪ್ರಾಣಿಗೆ ಅನಗತ್ಯ ಹಿಂಸೆ ಕೊಡುವುದು 1960ರ ಕಾಯ್ದೆಯ ಪ್ರಕಾರ ಅಪರಾಧ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2011ರಲ್ಲಿ ಒಮ್ಮೆ, 2020ರಲ್ಲಿ ಮತ್ತೊಮ್ಮೆ ಈ ಅಂಟಿನ ಬೋನಿನ ವಿರುದ್ಧ ರಾಜ್ಯಗಳಿಗೆ ಸೂಚನೆ ಕಳಿಸಿದೆ; ಹಲವು ರಾಜ್ಯಗಳು ಇದರ ತಯಾರಿಕೆ, ಮಾರಾಟಗಳನ್ನು ತಡೆಯಲು ಆದೇಶವನ್ನೂ ಹೊರಡಿಸಿವೆ. ಈಗಾಗಲೇ ಏನಾದರೂ ಅಂಟಿಕೊಂಡಿದ್ದರೆ, ಕೈಗವಸು ಹಾಕಿ ಅಂಟಿದ ಜಾಗಕ್ಕೆ ಸ್ವಲ್ಪ ಸ್ವಲ್ಪವೇ ಅಡುಗೆ ಎಣ್ಣೆ ಬಿಡಿ. ಮೆಲ್ಲಗೆ ಬಿಟ್ಟುಕೊಳ್ಳುತ್ತದೆ.

ಬೋನಿನ ಕ್ರೌರ್ಯವನ್ನು ಅಳೆಯಲಾದೀತೇ ಎಂದು ಕೇಳಬಹುದು. ಅಳೆದವರಿದ್ದಾರೆ. ತುಪ್ಪಳಕ್ಕಾಗಿ ಕಾಡುಪ್ರಾಣಿ ಹಿಡಿಯುವುದು ಕೆನಡಾದಲ್ಲಿ ಇಂದಿಗೂ ಪರವಾನಗಿ ಪಡೆದು ಮಾಡುವ ಕಸುಬು. ಆ ಕಸುಬು ನನಗೆ ಹಿಡಿಸುವುದಿಲ್ಲ, ಅದು ಬೇರೆ ಮಾತು. ಆದರೆ 1997ರಲ್ಲಿ ಆ ದೇಶ ಯುರೋಪಿಯನ್ ಒಕ್ಕೂಟದ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ, ಕೊಲ್ಲುವ ಬೋನು ಎಷ್ಟು ಸೆಕೆಂಡಿನಲ್ಲಿ ಪ್ರಾಣಿಯ ಪ್ರಜ್ಞೆ ತಪ್ಪಿಸಬೇಕು ಎಂದು ಲೆಕ್ಕ ಬರೆದಿಟ್ಟರು. ಅರ್ಮಿನ್ ಎಂಬ ಪುಟ್ಟ ಪ್ರಾಣಿಗೆ 45 ಸೆಕೆಂಡು, ಮಾರ್ಟೆನ್‌ಗೆ 120, ಬೀವರ್‌ನಂಥದಕ್ಕೆ 300. ಪರೀಕ್ಷೆಗೆ ಒಡ್ಡಿದವುಗಳಲ್ಲಿ ಶೇಕಡಾ 80ರಷ್ಟಾದರೂ ಆ ಮಿತಿಯೊಳಗೆ ಬಂದರೆ ಮಾತ್ರ ಬೋನಿಗೆ ಒಪ್ಪಿಗೆಯ ಮುದ್ರೆ. ಐದು ನಿಮಿಷವೂ ಹೆಚ್ಚೇ ಅನ್ನಿ. ಆದರೆ ನಮ್ಮ ಗ್ಲೂ ಪ್ಯಾಡಿನ ಮೇಲಿನ ಇಲಿಗೆ ಇಡೀ ಒಂದು ರಾತ್ರಿ!

ಈ ಅಳತೆಗೋಲು ಹಿಡಿದು ನೋಡಿದರೆ, ಸ್ಪ್ರಿಂಗ್ ಬಡಿಯುವ ಬೋನು ನೋಡಲು ಕ್ರೂರ, ಕೆಲಸದಲ್ಲಿ ಮಾತ್ರ ಅಷ್ಟಿಲ್ಲ. ಅಳತೆ ಸರಿಯಿರಬೇಕು, ಅಷ್ಟೆ. ಚಿಟ್ಟಿಲಿಯ ಬೋನಿಟ್ಟು ದೊಡ್ಡ ಇಲಿ ಹಿಡಿಯಹೊರಟರೆ ಸಿಗುವುದು ಬಾಲ, ಕಾಲು; ಇಲಿ ನರಳುತ್ತಾ ಓಡಿಹೋಗುತ್ತದೆ. ಸ್ಪ್ರಿಂಗ್ ಬಿಗಿಯಾಗಿರಲಿ. ಇಲಿ ನಡುಮನೆಯಲ್ಲಿ ಓಡಾಡುವುದಿಲ್ಲ, ಗೋಡೆಗೆ ಮೈ ತಾಗಿಸಿಕೊಂಡೇ ಹೋಗುತ್ತದೆ. ಆದ್ದರಿಂದ ಬೋನು ಗೋಡೆಗೆ ಅಡ್ಡಲಾಗಿ, ತಿನಿಸಿನ ತುದಿ ಗೋಡೆಯ ಕಡೆಗೆ ಇರಲಿ. ದೊಡ್ಡ ಇಲಿ ಹೊಸ ವಸ್ತುವನ್ನು ನಂಬುವುದಿಲ್ಲ. ಎರಡು ಮೂರು ರಾತ್ರಿ ಬೋನನ್ನು ಹೂಡದೆ ಬರೀ ಕೊಬ್ಬರಿ ಚೂರನ್ನೋ ಶೇಂಗಾವನ್ನೋ ಇಟ್ಟು ರೂಢಿ ಮಾಡಿಸಿ, ಆಮೇಲೆ ಹೂಡಿ. ಮನೆಯಲ್ಲಿ ಮಕ್ಕಳೋ ಬೆಕ್ಕೋ ಇದ್ದರೆ ಎರಡೂ ಕಡೆ ತೂತಿರುವ ಡಬ್ಬದೊಳಗೆ ಇಡಿ. ವಿಷದ ಬಿಲ್ಲೆ ಬೇಡ. ಇಲಿ ಯಾವುದೋ ಸಂದಿಯಲ್ಲಿ ಸತ್ತು ವಾರಗಟ್ಟಲೆ ನಾರುತ್ತದೆ, ಅದನ್ನು ತಿಂದ ಗೂಬೆ, ಬೆಕ್ಕೂ ಸಾಯಬಹುದು.

ಗಣಪತಿಯ ವಾಹನವನ್ನು ಕೊಲ್ಲಲು ಮನಸ್ಸು ಬಾರದವರಿಗೆ ತಂತಿಯ ಬೋನೇ ಸರಿ. ಅದಕ್ಕೂ ನೇಮವಿದೆ. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ನೋಡಬೇಕು. ಸಿಕ್ಕಿದ ಮೇಲೆ ಬಟ್ಟೆ ಮುಚ್ಚಿದರೆ ಪ್ರಾಣಿ ಶಾಂತವಾಗುತ್ತದೆ. ಬೋನು ಸಮೇತ ಬಕೆಟ್ಟಿನ ನೀರಿನಲ್ಲಿ ಅದ್ದುವ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ. ಕೊಲ್ಲದೆ ಹಿಡಿದ ಪುಣ್ಯವೆಲ್ಲ ಆ ಬಕೆಟ್ಟಿನಲ್ಲೇ ಮುಳುಗಿತು. ಪಕ್ಕದ ಸೊಸೈಟಿಯ ಗಟಾರಕ್ಕೆ ಬಿಟ್ಟು ಬರುವವರಿಗೆ ಒಂದು ಮಾತು: ಅವರೂ ತಮ್ಮ ಇಲಿಯನ್ನು ನಿಮ್ಮ ಗಟಾರಕ್ಕೇ ಬಿಡುತ್ತಿದ್ದಾರೆ.

ಹೆಂಚಿನ ಮನೆ, ಹಳೆಯ ಬಂಗಲೆಗಳಲ್ಲಿ ಇರುವವರು ಇನ್ನೊಂದು ಎಚ್ಚರ ವಹಿಸಬೇಕು. ರಾತ್ರಿ ಅಟ್ಟದ ಮೇಲೆ ಧಡಧಡ ಸದ್ದಾದರೆ ಅದು ಹೆಗ್ಗಣವೇ ಆಗಿರಬೇಕಿಲ್ಲ, ಪುನುಗುಬೆಕ್ಕಾಗಿರಬಹುದು. ಚೆನ್ನೈ, ಮುಂಬಯಿಗಳಂಥ ನಗರದಲ್ಲೂ ಅದು ಬದುಕಿದೆ. ಮನೆ ಇಲಿಗೆ ವನ್ಯಜೀವಿ ಕಾಯ್ದೆಯ ರಕ್ಷಣೆ ಇಲ್ಲ. ಪುನುಗುಬೆಕ್ಕಿಗೆ, ಮುಂಗುಸಿಗೆ ಇದೆ. 1972ರ ಆ ಕಾಯ್ದೆಯಲ್ಲಿ ಬೇಟೆ ಎಂದರೆ ಕೋವಿಯಿಂದ ಹೊಡೆಯುವುದಷ್ಟೇ ಆಗಿಲ್ಲ, ಬೋನಿಟ್ಟು ಹಿಡಿಯುವುದೂ, ಹಿಡಿಯಲು ಯತ್ನಿಸುವುದೂ ಬೇಟೆಯೇ. ನಮ್ಮಲ್ಲಿ ಚಿತ್ರ ಬರೆಯುವ ಕುಂಚದ ಕೂದಲಿಗಾಗಿ ಮುಂಗುಸಿಗಳನ್ನು ಕದ್ದು ಹಿಡಿದು ಕೊಲ್ಲುವ ದಂಧೆ ಇರುವುದರಿಂದ ಇದು ಸಣ್ಣ ಮಾತಲ್ಲ. ಆದ್ದರಿಂದ ಸದ್ದು ಯಾರದೆಂದು ತಿಳಿಯದೆ ಅಟ್ಟದ ಮೇಲೆ ದೊಡ್ಡ ಬೋನಿಡಬೇಡಿ. ತಪ್ಪಿ ಸಿಕ್ಕಿಕೊಂಡರೆ ಅರಣ್ಯ ಇಲಾಖೆಗೆ ಫೋನ್ ಮಾಡಿ, ನೀವೇ ಕೈ ಹಾಕಬೇಡಿ, ಹಲ್ಲು ಚೂಪಾಗಿರುತ್ತದೆ.

ಇನ್ನು, ಬೋನು ಹೂಡುವ ದಿನವೇ ಸಿಂಕಿನ ಕೆಳಗಿನ ಪೈಪಿನ ಸುತ್ತ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಪೆನ್ಸಿಲ್ ತೂರುವಷ್ಟು ಸಂದಿಯಿದ್ದರೆ ಚಿಟ್ಟಿಲಿಗೆ ಅದೇ ಹೆಬ್ಬಾಗಿಲು. ತಂತಿ ಜಾಲರಿ ತುರುಕಿ ಮೇಲೆ ಸಿಮೆಂಟ್ ಬಳಿಯಿರಿ. ಹಿಟ್ಟಿನ ಡಬ್ಬಕ್ಕೆ ಮುಚ್ಚಳ ಹಾಕಿ, ರಾತ್ರಿಯ ಮುಸುರೆ ಪಾತ್ರೆ ರಾತ್ರಿಯೇ ತೊಳೆಯಿರಿ. ಬಳಸಿದ ಬೋನನ್ನು ಕೈಗವಸು ಹಾಕಿಕೊಂಡು ಸೋಪಿನ ನೀರಿನಲ್ಲಿ ತೊಳೆದು, ಬಿಸಿಲಲ್ಲಿ ಒಣಗಿಸಿ ಎತ್ತಿಡಿ. ಬಿಸಿಲು ಬಂದರೆ!